ಸೈವ್, ಲೀಅದನ್, ಸೊರಖ, ರೀನ: ಅಪರೂಪದ ಐರಿಶ್ ಹೆಣ್ಣುಹೆಸರುಗಳಲ್ಲಿ ಯಾವುದನ್ನು ಆರಿಸುವುದು?

ಹೆಸರಿನ ಅರ್ಥ ಹೇಳುವ ಪಟ್ಟಿಗಳಲ್ಲಿ ಐರಿಶ್ ಹೆಸರಿನ ಮುಂದೆ ಸಾಮಾನ್ಯವಾಗಿ ಒಂದೇ ಪದ ಇರುತ್ತದೆ: ಸಿಹಿ, ಬೆಳಕು, ರಾಣಿ. ಆ ಒಂದು ಪದವನ್ನು ನಂಬಿ ಹೆಸರಿಟ್ಟವರಿಗೆ ಆಮೇಲೆ ಮೂರು ಕಡೆ ಕಷ್ಟ ಎದುರಾಗುತ್ತದೆ. ಬರೆದ ಹೆಸರನ್ನು ಯಾರೂ ಸರಿಯಾಗಿ ಓದುವುದಿಲ್ಲ. ಅರ್ಥ ಎಂದು ಕೊಟ್ಟದ್ದು ಪಂಡಿತರ ಊಹೆ ಎಂದು ತಡವಾಗಿ ಗೊತ್ತಾಗುತ್ತದೆ. ಇಲ್ಲವೇ ಹೆಸರಿನ ಹಿಂದಿರುವ ಕಥೆ ಮಗಳಿಗೆ ಹೇಳಲು ಬಾಯಿ ಬರದಂಥದ್ದಾಗಿರುತ್ತದೆ. ಡಬ್ಲಿನ್, ಕಾರ್ಕ್ ಕಡೆ ನೆಲೆಸಿರುವ ಕನ್ನಡದ ಮನೆಗಳಿಗೆ, ಐರಿಶ್ ಕುಟುಂಬದೊಂದಿಗೆ ಸಂಬಂಧ ಬೆಳೆಸಿದವರಿಗೆ ನಾಲ್ಕನೆಯದೊಂದಿದೆ: ಊರಲ್ಲಿರುವ ಅಜ್ಜಿಯ ಬಾಯಲ್ಲಿ ಆ ಹೆಸರು ಏನಾಗುತ್ತದೆ?

ನೀಅವ್, ಈಫ, ಸೀರ್ಶ ಇವನ್ನು ಇಲ್ಲಿ ಬಿಟ್ಟಿದ್ದೇವೆ. ಚೆಂದದ ಹೆಸರುಗಳೇ, ಆದರೆ ಐರ್ಲೆಂಡಿನಲ್ಲಿ ಅಪರೂಪವಲ್ಲ. 'ಸ್ವಾತಂತ್ರ್ಯ' ಎಂಬ ಅರ್ಥದ ಸೀರ್ಶವಂತೂ ಹೆಸರಾಗಿ ಬಳಕೆಗೆ ಬಂದದ್ದೇ 20ನೇ ಶತಮಾನದಲ್ಲಿ. ಪುರಾತನ ಹೆಸರು ಎಂದು ಅದನ್ನು ಆರಿಸಿದರೆ ತಪ್ಪಾಗುತ್ತದೆ.

ಮೊದಲು ಓದಲು ಕಲಿಯಬೇಕು

ಐರಿಶ್ ಭಾಷೆಯ ಸಾಂಪ್ರದಾಯಿಕ ಅಕ್ಷರಮಾಲೆಯಲ್ಲಿ ಇರುವುದು 18 ಅಕ್ಷರ. ಜೆ, ಕೆ, ಕ್ಯೂ, ವಿ, ಡಬ್ಲ್ಯೂ, ಎಕ್ಸ್, ವೈ, ಝಡ್ ಅದರಲ್ಲಿಲ್ಲ. ಆದರೆ ಮಾತಿನಲ್ಲಿ ವ್ ಎಂಬ ಧ್ವನಿ ಧಾರಾಳವಾಗಿದೆ. ಹಳೆಯ ಗೇಲಿಕ್ ಅಚ್ಚಿನಲ್ಲಿ ಬಿ ಅಥವಾ ಎಂ ಮೇಲೆ ಒಂದು ಚುಕ್ಕಿ ಇಟ್ಟು ಅದನ್ನು ತೋರಿಸುತ್ತಿದ್ದರು. 20ನೇ ಶತಮಾನದ ನಡುಭಾಗದ ಹೊತ್ತಿಗೆ ರೋಮನ್ ಅಚ್ಚು ಎಲ್ಲೆಡೆ ಬಂದಾಗ ಚುಕ್ಕಿಯ ಜಾಗದಲ್ಲಿ ಎಚ್ ನಿಂತಿತು.

ಕನ್ನಡಿಗರು ಎಡವುವುದು ಇಲ್ಲಿಯೇ. ನಮ್ಮ ಹೆಸರುಗಳನ್ನು ಇಂಗ್ಲಿಷಿನಲ್ಲಿ ಬರೆಯುವಾಗ ಬಿ ಮುಂದೆ ಎಚ್ ಬಂದರೆ ಭ, ಡಿ ಮುಂದೆ ಎಚ್ ಬಂದರೆ ಧ. ಐರಿಶ್‌ನಲ್ಲಿ ಹಾಗಲ್ಲ:

- ಬಿ-ಎಚ್, ಎಂ-ಎಚ್: ವ್.
- ಡಿ-ಎಚ್, ಜಿ-ಎಚ್ ಪದದ ನಡುವೆ ಬಂದರೆ: ಹೆಚ್ಚಾಗಿ ಮೌನ. ಹಿಂದಿನ ಸ್ವರವನ್ನು ಬದಲಿಸುತ್ತವೆ. ಎ-ಡಿ-ಎಚ್ ಸೇರಿ 'ಐ' ಆಗುತ್ತದೆ.
- ಎಫ್-ಎಚ್: ಪೂರ್ತಿ ಮೌನ.
- ಸಿ-ಎಚ್: ಗಂಟಲಲ್ಲಿ ಉಜ್ಜಿ ಬರುವ ಖ, ಉರ್ದುವಿನ 'ಖಬರ್'ನಲ್ಲಿ ಇರುವಂಥದ್ದು.
- ಎಸ್: ಪಕ್ಕದಲ್ಲಿ ಇ ಅಥವಾ ಐ ಅಕ್ಷರವಿದ್ದರೆ ಶ, ಎ, ಓ, ಯು ಇದ್ದರೆ ಸ.
- ಎ-ಓ ಜೋಡಿ: ಹೆಚ್ಚಿನ ಕಡೆ 'ಈ'.

ಇನ್ನು ಸ್ವರದ ಮೇಲೆ ಬರುವ ಓರೆಗೆರೆ. ಅದರ ಹೆಸರು ಫಾದ, ಅಂದರೆ 'ಉದ್ದ'. ನಮ್ಮ ದೀರ್ಘದ ಕೆಲಸವನ್ನೇ ಅದು ಮಾಡುತ್ತದೆ: ಗೆರೆ ಇದ್ದರೆ ಈ, ಇಲ್ಲದಿದ್ದರೆ ಇ. ಕನ್ನಡ ಬಲ್ಲವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಇಂಗ್ಲಿಷ್ ಮಾತ್ರ ಬಲ್ಲವರಿಗೆ ಎಷ್ಟು ಹೇಳಿದರೂ ಸಾಲದು. ಐರಿಶ್‌ನ ದ, ತ ಕೂಡ ಎ, ಓ, ಯು ಪಕ್ಕದಲ್ಲಿ ನಮ್ಮ ದಂತ್ಯಗಳಂತೆಯೇ ನಾಲಗೆಯ ತುದಿ ಹಲ್ಲಿಗೆ ತಾಗಿ ಬರುತ್ತವೆ, ಇಂಗ್ಲಿಷಿನ ಡ, ಟ ಅಲ್ಲ. ಹಾಗಾಗಿ ಹಲವು ಐರಿಶ್ ಹೆಸರುಗಳನ್ನು ಕನ್ನಡ ಲಿಪಿ ಇಂಗ್ಲಿಷ್ ಕಾಗುಣಿತಕ್ಕಿಂತ ನಿಖರವಾಗಿ ಹಿಡಿಯುತ್ತದೆ.

ಸೈವ್: ನಮ್ಮ 'ಸ್ವಾದ'ದ ದೂರದ ನೆಂಟಳು

ಬರೆಯುವುದು ಎಸ್, ಎ, ಡಿ, ಎಚ್, ಬಿ, ಎಚ್. ಓದುವುದು ಸೈವ್, ಒಂದೇ ಉಸಿರು. ಮೇಲಿನ ನಿಯಮ ಹಾಕಿ ನೋಡಿ: ಎ-ಡಿ-ಎಚ್ 'ಐ', ಬಿ-ಎಚ್ 'ವ್'.

ಅರ್ಥ 'ಸಿಹಿಯಾದವಳು'. ಇದು ಊಹೆಯಲ್ಲ, ಬೇರು ಗಟ್ಟಿಯಾಗಿದೆ. ಸಂಸ್ಕೃತದ 'ಸ್ವಾದು', ಲ್ಯಾಟಿನ್‌ನ 'ಸುವಾವಿಸ್', ಇಂಗ್ಲಿಷಿನ 'ಸ್ವೀಟ್' ಹುಟ್ಟಿದ ಇಂಡೋ-ಯುರೋಪಿಯನ್ ಬೇರಿನಿಂದಲೇ ಈ ಹೆಸರೂ ಬಂದಿದೆ. ಸಂಸ್ಕೃತದ ಮೂಲಕ ಆ ಪದ ಕನ್ನಡಕ್ಕೂ ಬಂದು 'ಸ್ವಾದ', 'ಸ್ವಾದಿಷ್ಟ' ಆಗಿ ಅಡುಗೆಮನೆಯಲ್ಲೇ ಕುಳಿತಿದೆ. ಐರಿಶ್ ಸಂಸ್ಕೃತದಿಂದ ಇದನ್ನು ತಂದುಕೊಂಡಿಲ್ಲ, ಸಂಸ್ಕೃತವೂ ಐರಿಶ್‌ನಿಂದಲ್ಲ. ಎರಡೂ ಒಂದೇ ಹಳೆಯ ಮನೆಯ ಆಸ್ತಿ ಹಂಚಿಕೊಂಡ ದಾಯಾದಿಗಳು.

ಕಥೆ ಎರಡು. ಒಂದರಲ್ಲಿ ಸೈವ್ ನೂರು ಕದನಗಳ ಕೊನ್ ಎಂಬ ರಾಜನ ಮಗಳು, ಮನ್‌ಸ್ಟರ್‌ನ ಅರಸ ಅಲಿಲ್ ಓಲಮ್‌ನ ಹೆಂಡತಿ. ಹೆಚ್ಚು ಜನ ಬಲ್ಲದ್ದು ಇನ್ನೊಂದು: ಮಾಂತ್ರಿಕನ ಶಾಪದಿಂದ ಜಿಂಕೆಯಾದ ಹೆಣ್ಣನ್ನು ಫಿಯನ್ ಎಂಬ ವೀರನ ಬೇಟೆನಾಯಿಗಳು ಕಚ್ಚದೆ ಅವಳ ಸುತ್ತ ಆಡುತ್ತವೆ. ಫಿಯನ್‌ನ ಮನೆಯ ಒಳಗೆ ಅವಳು ಮತ್ತೆ ಮನುಷ್ಯಳಾಗುತ್ತಾಳೆ. ಅವನು ಯುದ್ಧಕ್ಕೆ ಹೋದಾಗ ಮಾಂತ್ರಿಕ ಮೋಸದಿಂದ ಅವಳನ್ನು ಹೊರಗೆ ಕರೆದು ಮತ್ತೆ ಜಿಂಕೆ ಮಾಡಿ ಒಯ್ಯುತ್ತಾನೆ. ಏಳು ವರ್ಷ ಹುಡುಕಿದ ಫಿಯನ್‌ಗೆ ಸಿಗುವುದು ಒಬ್ಬ ಹುಡುಗ. ಅವನಿಗೆ ಅಷೀನ್, ಅಂದರೆ 'ಜಿಂಕೆಮರಿ' ಎಂದು ಹೆಸರಾಗುತ್ತದೆ. ತಾಯಿ ಮತ್ತೆ ಸಿಗುವುದಿಲ್ಲ. ದುಃಖದ ಕಥೆ ನಿಜ, ಆದರೆ ಮಕ್ಕಳಿಗೆ ಹೇಳಬಹುದಾದ ದುಃಖ.

ತೊಡಕು ಕಾಗುಣಿತದಲ್ಲಿದೆ. ಇದೇ ಆರು ಅಕ್ಷರವನ್ನು ಭಾರತದಲ್ಲಿ ಯಾರ ಮುಂದಿಟ್ಟರೂ 'ಸಾಧ್ಭ್' ಎಂದೋ, ತಪ್ಪಾಗಿ ಬರೆದ 'ಸಾಧ್ವಿ' ಎಂದೋ ಓದುತ್ತಾರೆ. ಎಸ್, ಐ, ವಿ, ಇ ಎಂಬ ಇಂಗ್ಲಿಷೀಕೃತ ರೂಪವೂ ಇದೆ. ಅದನ್ನು ನಮ್ಮವರು 'ಶಿವೆ' ಎಂದು ಓದಿಬಿಡುವುದು ಹೆಚ್ಚು. ಪಾರ್ವತಿಯ ಹೆಸರು, ಬೇಸರವೇನಿಲ್ಲ ಎನ್ನುವವರಿಗೆ ಅದೂ ಒಂದು ದಾರಿ. ಇನ್ನೊಂದು ಮಾತು: ಈಚಿನ ವರ್ಷಗಳಲ್ಲಿ ಐರ್ಲೆಂಡಿನ ಒಳಗೆ ಸೈವ್ ಅಷ್ಟು ಅಪರೂಪವಾಗಿ ಉಳಿದಿಲ್ಲ. ದೇಶದಾಚೆ ಮಾತ್ರ ಈಗಲೂ ವಿರಳ.

ಲೀಅದನ್: ನಿಜವಾಗಿ ಅಪರೂಪ

ಎಲ್, ಫಾದ ಇರುವ ಐ, ಎ, ಡಿ, ಎ, ಎನ್. ಇಂದಿನವರು ಹೇಳುವುದು ಲೀಅದನ್. ಹಳೆಯ ಐರಿಶ್‌ನಲ್ಲಿ ಆ ದ ಇನ್ನೂ ಮೃದು, ಇಂಗ್ಲಿಷಿನ 'ದಿಸ್' ಪದದ ಮೊದಲ ಧ್ವನಿಯಂತೆ.

ಅರ್ಥದ ಮಾತಿಗೆ ಬಂದರೆ ಇಲ್ಲಿ ನೆಲ ಸ್ವಲ್ಪ ಅಲುಗುತ್ತದೆ. ಪಟ್ಟಿಗಳು 'ಬೂದುಬಣ್ಣದ ಹೆಣ್ಣು' ಎನ್ನುತ್ತವೆ, 'ಲೀಅ' ಅಂದರೆ ಬೂದು ಎಂಬ ಪದದ ಆಧಾರದ ಮೇಲೆ. ಪಂಡಿತರೂ ಇದನ್ನು ಹೆಚ್ಚು ಸಂಭವವಿರುವ ಅರ್ಥ ಎಂದೇ ಹೇಳುತ್ತಾರೆ, ಖಚಿತ ಎಂದಲ್ಲ. ಹಾಗಾಗಿ ಅರ್ಥಕ್ಕಾಗಿಯೇ ಹೆಸರು ಹುಡುಕುವವರು ಇದನ್ನು ಆರಿಸಬೇಡಿ. ಈ ಹೆಸರಿನ ಬೆಲೆ ಇರುವುದು ಅದನ್ನು ಹೊತ್ತವಳಲ್ಲಿ.

ಲೀಅದನ್ ಕವಯಿತ್ರಿ. ಇಂದಿನ ಕೆರಿ ಕೌಂಟಿಯ ಕೊರ್ಕು ಡುವ್ನೆ ನಾಡಿನವಳು. 9ನೇ ಶತಮಾನದ ಒಂದು ಕಿರುಕಥನ ಅವಳನ್ನು ಉಳಿಸಿಕೊಂಡಿದೆ, ಗದ್ಯದ ನಡುವೆ ಪದ್ಯ ಬೆರೆತದ್ದು, ಹೆಚ್ಚು ಕಡಿಮೆ ನಮ್ಮ ಚಂಪೂವಿನ ಹಾಗೆ. ಕವಿಗಳು ಊರೂರು ತಿರುಗಿ ಹಾಡುವ ಪದ್ಧತಿಯಂತೆ ಅವಳು ಕೊನಾಕ್ಟ್‌ಗೆ ಹೋದಾಗ ಕುರಿಥಿರ್ ಎಂಬ ಕವಿ ಮದುವೆಯ ಮಾತೆತ್ತುತ್ತಾನೆ. ನನ್ನ ತಿರುಗಾಟ ಮುಗಿಯಲಿ, ಆಮೇಲೆ ಬಾ ಎನ್ನುತ್ತಾಳೆ. ಅವನು ಬರುವ ಹೊತ್ತಿಗೆ ಸನ್ಯಾಸಿನಿಯಾಗಿರುತ್ತಾಳೆ. ಏಕೆ ಎಂದು ಕಥೆ ಹೇಳುವುದಿಲ್ಲ. ಇಬ್ಬರೂ ಒಬ್ಬ ಸಂತನ ಕಟ್ಟಳೆಗೆ ಒಳಗಾಗುತ್ತಾರೆ. ಒಬ್ಬರನ್ನೊಬ್ಬರು ನೋಡುವುದು ಬೇಕೋ, ಮಾತಾಡುವುದು ಬೇಕೋ, ಒಂದನ್ನು ಆರಿಸಿ ಎಂದಾಗ ಆ ಇಬ್ಬರು ಕವಿಗಳು ಮಾತನ್ನು ಆರಿಸುತ್ತಾರೆ. ಕೊನೆಗೆ ಅವನು ಕಡಲು ದಾಟಿ ಹೋಗುತ್ತಾನೆ. ಅವನು ಪ್ರಾರ್ಥಿಸುತ್ತಿದ್ದ ಕಲ್ಲುಚಪ್ಪಡಿಯ ಮೇಲೆಯೇ ಅವಳು ಪ್ರಾಣ ಬಿಡುತ್ತಾಳೆ, ಅವಳನ್ನು ಅದರ ಕೆಳಗೇ ಹೂಳುತ್ತಾರೆ.

ಸ್ವಂತ ಕಸುಬು, ಸ್ವಂತ ದನಿ, ಸ್ವಂತ ತೀರ್ಮಾನ ಇದ್ದ ಹೆಣ್ಣೊಬ್ಬಳು ಸಾವಿರ ವರ್ಷಕ್ಕೂ ಹಿಂದಿನ ಕಥನದ ನಡುವೆ ನಿಂತಿರುವುದು ದೊಡ್ಡ ಸಂಗತಿ. ದುರಂತ ಪ್ರೇಮದ ನೆರಳು ಬೇಡ ಎನ್ನುವವರಿಗೆ ಒಂದು ಸಮಾಧಾನ ಇದೆ: ಸೈಯಿರ್‌ನ ಸಂತ ಕೀಅರಾನ್‌ನ ತಾಯಿಯ ಹೆಸರೂ ಇದೇ. ಅಪರೂಪ, ಓದಲು ಸುಲಭ, ಕನ್ನಡದ ಕಿವಿಗೆ ಯಾವ ಕೆಟ್ಟ ಪದವನ್ನೂ ನೆನಪಿಸುವುದಿಲ್ಲ. ಈ ಮೂರೂ ಒಟ್ಟಿಗೆ ಸಿಗುವ ಐರಿಶ್ ಹೆಸರುಗಳು ಬಹಳ ಇಲ್ಲ.

ಸೊರಖ: ಅರ್ಥ ಬೆಳಕು, ಕನ್ನಡದ ಕಿವಿಗೆ ಬಾಡಿಕೆ

ಎಸ್, ಓ, ಆರ್, ಸಿ, ಎಚ್, ಎ. ಬರಹದಲ್ಲಿ ಆರ್ ಮತ್ತು ಸಿ-ಎಚ್ ನಡುವೆ ಏನೂ ಇಲ್ಲ, ಬಾಯಲ್ಲಿ ಮಾತ್ರ ಒಂದು ಪುಟ್ಟ ಅ ನುಸುಳುತ್ತದೆ: ಸೊರ್-ಅ-ಖ. ನಮ್ಮವರು 'ಫಿಲ್ಮ್' ಅನ್ನು 'ಫಿಲಮ್ಮು' ಮಾಡುವುದು ಇದೇ ಕಾರಣಕ್ಕೆ, ಐರ್ಲೆಂಡಿನವರೂ ಇಂಗ್ಲಿಷ್ ಮಾತಾಡುವಾಗ 'ಫಿಲಮ್' ಎಂದೇ ಹೇಳುತ್ತಾರೆ.

ಅರ್ಥ 'ಪ್ರಕಾಶಮಾನ'. ಇದಕ್ಕೆ ಎದುರು ಪದ 'ದೊರಖ', ಕತ್ತಲು. ಸೊ ಮತ್ತು ದೊ ಎಂಬ ಈ ಜೋಡಿ ಉಪಸರ್ಗಗಳು ಸಂಸ್ಕೃತದ 'ಸು' ಮತ್ತು 'ದುಸ್'ಗಳ ಒಡಹುಟ್ಟು. ಸುಜನ-ದುರ್ಜನ ಎಂದು ನಾವು ಜೋಡಿ ಮಾಡುವಂತೆಯೇ ಅವರದು ಸೊರಖ-ದೊರಖ. ಅರ್ಥ ಖಚಿತ, ಬೇರು ಹಳೆಯದು, ಅಪಶಕುನದ ಕಥೆಯ ಹೊರೆಯಿಲ್ಲ. ಐರ್ಲೆಂಡಿನಲ್ಲೇ ಬಾಳುವ ಮಗುವಿಗೆ ಇದಕ್ಕಿಂತ ಒಳ್ಳೆಯ ಹೆಸರು ಹುಡುಕುವುದು ಕಷ್ಟ.

ಆದರೆ ಕನ್ನಡದ ಮನೆಯಲ್ಲಿ ಈ ಹೆಸರು ಕೂಗಿದಾಗ ಕೇಳಿಸುವುದು 'ಸೊರಗು'. ಬೆಳಗುವವಳು ಎಂಬ ಹೆಸರು ಬಾಡುವವಳು ಎಂದು ಕಿವಿಗೆ ಬೀಳುತ್ತದೆ. ಆ ಗಂಟಲಿನ ಖ ಬಾರದವರ ಬಾಯಲ್ಲಿ 'ಸೊರಕ' ಆಗಿ ಇನ್ನಷ್ಟು ಹತ್ತಿರವಾಗುತ್ತದೆ. ಇದನ್ನು ಚಿಕ್ಕ ವಿಷಯ ಎಂದು ತಳ್ಳಿಹಾಕಬೇಡಿ. ಹಿರಿಯರು ಹೆಸರನ್ನು ಪದವಾಗಿಯೇ ಕೇಳುತ್ತಾರೆ.

ಇಂಥದ್ದೇ ಕಾರಣಕ್ಕೆ ಇನ್ನೂ ಕೆಲವನ್ನು ಬೇಗ ನೋಡಿ ಮುಗಿಸಬಹುದು. 'ಕಡಲ ಬಿಳುಪು' ಎಂಬ ಅರ್ಥದ ಮುಯಿರನ್, ನಮ್ಮೂರಿನವರ ಬಾಯಲ್ಲಿ 'ಮುರಿ' ಎಂದು ಶುರುವಾಗುತ್ತದೆ. ಕೀಲಿನ್, ಅಂದರೆ 'ತೆಳ್ಳನೆ, ಹೊಳಪಿನವಳು', ನಮಗೆ ಕೀಲಿಕೈ. ಜೊತೆಗೆ ಅದರ ಐರಿಶ್ ಕಾಗುಣಿತದಲ್ಲಿ ಹನ್ನೊಂದು ಅಕ್ಷರ, ನಡುವೆ ಮೌನವಾದ ಎಫ್-ಎಚ್ ಬೇರೆ. ಏದೀನ್ ಹೆಸರಿನ ಮೂಲ ಏತಾಯಿನ್. ಅದನ್ನು 'ಏತ್', ಅಂದರೆ ಅಸೂಯೆ ಅಥವಾ ತೀವ್ರ ಆಸೆ, ಎಂಬ ಪದಕ್ಕೆ ಜೋಡಿಸುತ್ತಾರೆ. ಸವತಿಯ ಮಾಟಕ್ಕೆ ನೀರಾಗಿ, ಹುಳುವಾಗಿ, ನೇರಳೆ ನೊಣವಾಗಿ ಸಾವಿರದ ಹನ್ನೆರಡು ವರ್ಷದ ಮೇಲೆ ಮರುಹುಟ್ಟು ಪಡೆದವಳ ಕಥೆ ಅದ್ಭುತ, ಆದರೆ ಇಂಗ್ಲಿಷ್ ಬಾಯಲ್ಲಿ 'ಏಡೀನ್' ಆಗಿ ನಮ್ಮ ಮಕ್ಕಳಿಗೆ ಏಡಿ ನೆನಪಾಗುತ್ತದೆ.

ಗಬ್ನಿಟ್ ಬಗ್ಗೆ ಎರಡು ಮಾತು ಹೆಚ್ಚು ಹೇಳಬೇಕು. ಕಮ್ಮಾರ ಎಂಬ ಪದಕ್ಕೆ ಸಂಬಂಧಿಸಿದ ಹೆಸರು. ಕಾರ್ಕ್ ಕೌಂಟಿಯ ಬಲಿವೂರ್ನಿಯಲ್ಲಿ ನೆಲೆ ನಿಂತ ಸಂತಳು, ಜೇನುನೊಣಗಳ ಕಾವಲುಗಾರ್ತಿ, ಹಬ್ಬ ಫೆಬ್ರವರಿ 11. ಬಿಳಿ ಜಿಂಕೆ ಒಂಬತ್ತು ಕಂಡಲ್ಲಿ ನೆಲೆಸು ಎಂದು ದೇವದೂತ ಹೇಳಿದ ಎಂಬ ಐತಿಹ್ಯವೂ ಇದೆ. ಇಷ್ಟೆಲ್ಲ ಇದ್ದೂ 'ಗಾಬ್' ಎಂಬ ಮೊದಲ ತುಣುಕು ಇಂಗ್ಲಿಷ್ ಆಡುಮಾತಿನಲ್ಲಿ ಬಾಯಿಗೆ ಒರಟು ಪದ, ಕನ್ನಡದಲ್ಲಿ ಗಬ್ಬು. ಎರಡೂ ಕಡೆ ಶಾಲೆಯಲ್ಲಿ ಮಗು ನೋಯುವ ಹೆಸರನ್ನು ಮೊದಲ ಹೆಸರಾಗಿ ಇಡಬಾರದು. ಸಂತಳ ಮೇಲೆ ಭಕ್ತಿ ಇದ್ದರೆ ನಡುವಿನ ಹೆಸರಾಗಿ ಇಡಿ.

ರೀನ: ಎರಡೂ ಕಡೆಯ ಅಜ್ಜಿಯರಿಗೆ ಸಲೀಸು

ಆರ್, ಫಾದ ಇರುವ ಐ, ಓ, ಎನ್, ಎ. ಓ ಬರೆಯುತ್ತಾರೆ, ಹೇಳುವುದಿಲ್ಲ: ರೀನ. 'ರೀನಾ' ಎಂಬ ಹೆಸರು ಭಾರತದಲ್ಲಿ ಮೊದಲೇ ಇರುವುದರಿಂದ ಊರಲ್ಲಿ ಯಾರೂ ಎರಡನೇ ಸಲ ಕೇಳುವುದಿಲ್ಲ.

ಅರ್ಥ 'ರಾಣಿಯಂಥವಳು'. ಹಳೆಯ ಐರಿಶ್‌ನಲ್ಲಿ ರಾಣಿಗೆ 'ರೀಗನ್' ಎಂಬ ಪದ. ಸಂಸ್ಕೃತದ 'ರಾಜ್ಞೀ' ಅದರ ನೇರ ಒಡಹುಟ್ಟು. ಇಂದಿನ ಐರಿಶ್‌ನಲ್ಲಿ ರಾಣಿ ಎಂಬುದಕ್ಕೆ 'ಬನ್‌ರೀನ್' ಎನ್ನುತ್ತಾರೆ, ಅದರ ಬಾಲದಲ್ಲೂ ಇದೇ ಪದವಿದೆ. ಹಳೆಯ ಪೂರ್ಣರೂಪ ಬೇಕೆಂದರೆ ರೀನಖ್ ಇದೆ, ಕೊನೆಯಲ್ಲಿ ಅದೇ ಗಂಟಲಿನ ಖ.

ಇದರ ದೌರ್ಬಲ್ಯ ಒಂದೇ. ರೀನ ಎಂಬುದು ಕಟ್ರೀನ ಹೆಸರಿನ ಮೊಟಕು ರೂಪವಾಗಿಯೂ ನಡೆಯುತ್ತದೆ, ಕಟ್ರೀನ ಎಂದರೆ ಕ್ಯಾಥರೀನ್, ಅದು ಗ್ರೀಕ್ ಹೆಸರಾಗಿ ಬಂದದ್ದು. 'ಕಟ್ರೀನಳಾ?' ಎಂದು ಮಗಳನ್ನು ಕೇಳುವವರು ಐರ್ಲೆಂಡಿನಲ್ಲಿ ಸಿಕ್ಕೇ ಸಿಗುತ್ತಾರೆ. ರಾಣಿಯ ಅರ್ಥ ಎದ್ದು ಕಾಣಬೇಕು ಅನ್ನುವವರು ರೀನಖ್ ಎಂದೇ ಬರೆಸಿ, ಮನೆಯಲ್ಲಿ ರೀನ ಎಂದು ಕರೆಯುವುದು ಒಳ್ಳೆಯ ಉಪಾಯ.

ಒಂದು ಹೆಸರಲ್ಲಿ ಎರಡು ಹೆಸರು: ಡೆರ್ವ್ಲ

ಪಟ್ಟಿಗಳು ಅತಿ ಹೆಚ್ಚು ಗೊಂದಲ ಮಾಡಿರುವುದು ಇಲ್ಲಿ. ಡೆರ್ವ್ಲ ಎಂಬ ಒಂದೇ ಇಂದಿನ ರೂಪದೊಳಗೆ ಎರಡು ಬೇರೆ ಹೆಸರು ಕಲೆತಿವೆ. ಡೆರ್ವಿಲ ಎಂದರೆ 'ಕವಿಯ ಮಗಳು'. ಡೆರ್ವಾಲ್ ಎಂದರೆ 'ಫಾಲ್‌ನ ಮಗಳು', ಫಾಲ್ ಎಂಬುದು ಐರ್ಲೆಂಡಿಗೇ ಇರುವ ಕಾವ್ಯನಾಮ. ಎರಡರಲ್ಲೂ ಮೊದಲ ತುಣುಕು 'ಡೆರ್', ಮಗಳು. ಯಾವ ಅರ್ಥ ನಿಮಗೆ ಬೇಕೋ ಆ ಕಾಗುಣಿತವನ್ನು ಬರೆಸಬೇಕು. ಇಂಗ್ಲಿಷೀಕೃತ ಡೆರ್ವ್ಲ ಬರೆಸಿದರೆ ಯಾವುದೆಂದು ಹೇಳಲಾಗದು.

ಡೆರ್ವಿಲ ಎಂಬ ಸಂತಳ ಹಾಳು ಚರ್ಚು, ಬಾವಿ ಮೇಯೋ ಕೌಂಟಿಯ ಎರ್ರಿಸ್‌ನ ಕಡಲಂಚಿನಲ್ಲಿ ಇಂದಿಗೂ ಇವೆ. ಬೆನ್ನುಹತ್ತಿದ ಗಂಡಸು ನಿನ್ನ ಕಣ್ಣಿಗೆ ಮನಸೋತೆ ಎಂದಾಗ ಕಣ್ಣನ್ನೇ ಕಿತ್ತೆಸೆದಳು, ಬಾವಿಯ ನೀರಿನಿಂದ ತೊಳೆದಾಗ ದೃಷ್ಟಿ ಮರಳಿತು ಎಂದು ಐತಿಹ್ಯ.

ಕಥೆ ನೋಡದೆ ಇಡಬಾರದ ಹೆಸರಿಗೆ ಉದಾಹರಣೆ ಬೇಕಿದ್ದರೆ ಬ್ಲಾನಿಡ್. 'ಪುಟ್ಟ ಹೂ' ಎಂಬ ಮುದ್ದಾದ ಅರ್ಥ. ಪುರಾಣದ ಬ್ಲಾನಿಡ್ ಗಂಡ ಕೂ ರೀಯ ಕೋಟೆಯಿಂದ ಹರಿಯುವ ತೊರೆಗೆ ಹಾಲು ಸುರಿದು, ನೀರು ಬೆಳ್ಳಗಾದದ್ದೇ ಸನ್ನೆಯಾಗಿ, ಶತ್ರುಗಳನ್ನು ಒಳಗೆ ಬಿಟ್ಟು ಅವನನ್ನು ಕೊಲ್ಲಿಸುತ್ತಾಳೆ. ಗಂಡನ ಆಸ್ಥಾನಕವಿ ಅವಳನ್ನು ತಬ್ಬಿಕೊಂಡು ಬಂಡೆಯಂಚಿನಿಂದ ಹಾರಿ ಸೇಡು ತೀರಿಸುತ್ತಾನೆ. ಅವಳನ್ನು ಬಲವಂತದಿಂದ ಹೊತ್ತು ತಂದಿದ್ದು ಆ ಗಂಡನೇ ಎಂಬುದನ್ನೂ ಮರೆಯಬಾರದು, ಆದರೂ ಹೆಸರಿನೊಂದಿಗೆ ಈ ಕಥೆ ಬರುತ್ತದೆ.

ಐರಿಶ್ ಎಂದು ಕಾಣುವ, ಮೂಲದಲ್ಲಿ ಹಾಗಲ್ಲದ ಹೆಸರುಗಳು

ಶಿವಾನ್, ಶಿನೇಡ್, ಶೀಲ ಈ ಮೂರೂ ಐರಿಶ್ ಕಾಗುಣಿತದಲ್ಲಿ ಬರುತ್ತವೆ, ಬೇರು ಮಾತ್ರ ಹೊರಗಿನದು. 1169ರಿಂದ ಬಂದ ನಾರ್ಮನ್ನರ ಜೊತೆ ಫ್ರೆಂಚ್ ಹೆಸರುಗಳು ಬಂದು ಐರಿಶ್ ಉಡುಪು ತೊಟ್ಟವು. ಶಿವಾನ್, ಶಿನೇಡ್‌ಗಳ ಮೂಲ ಹೀಬ್ರೂವಿನ ಯೋಹಾನ. ಶೀಲ ಬಂದದ್ದು ಸಿಸಿಲಿಯಾದಿಂದ, ನಮ್ಮ ಶೀಲಕ್ಕೂ ಅದಕ್ಕೂ ನಂಟಿಲ್ಲ. ಕೊಲೀನ್ ಎಂದರೆ ಐರಿಶ್‌ನಲ್ಲಿ ಬರೀ 'ಹುಡುಗಿ'. ಅದು ಹೆಸರಾದದ್ದು ಅಮೆರಿಕ, ಆಸ್ಟ್ರೇಲಿಯಾದಂಥ ಕಡೆ. ಎಂಟು ನೂರು ವರ್ಷ ಬಾಳಿದ ಮೇಲೆ ಶಿವಾನ್ ಐರಿಶ್ ಹೆಸರೇ, ಅದನ್ನು ಇಡಬೇಡಿ ಎನ್ನುತ್ತಿಲ್ಲ. ಸೆಲ್ಟಿಕ್ ಮೂಲವೇ ಬೇಕು ಎನ್ನುವವರು ನೋಡಿಕೊಳ್ಳಬೇಕು, ಅಷ್ಟೆ.

ಕರೆಯುವಾಗ ಹೆಸರು ಬದಲಾಗುತ್ತದೆ

ಮಗಳನ್ನು ಐರಿಶ್ ಮಾಧ್ಯಮದ ಶಾಲೆಗೆ ಸೇರಿಸುವವರು ಇದನ್ನು ಮೊದಲೇ ತಿಳಿದಿರಬೇಕು. ಸಂಬೋಧನೆಯಲ್ಲಿ ನಾವು ಹೆಸರಿನ ಕೊನೆ ಎಳೆಯುತ್ತೇವೆ, ಕಾವೇರಿ 'ಕಾವೇರೀ' ಆಗುತ್ತಾಳೆ. ಐರಿಶ್‌ನಲ್ಲಿ ಮುಂದೆ ಒಂದು 'ಅ' ಸೇರಿ ಮೊದಲ ವ್ಯಂಜನವೇ ಮೆತ್ತಗಾಗುತ್ತದೆ. ಸೈವ್ 'ಅ ಹೈವ್' ಆಗುತ್ತಾಳೆ, ಸೊರಖ 'ಅ ಹೊರಖ', ಡೆರ್ವ್ಲ 'ಅ ಯೆರ್ವ್ಲ'. ಟೀಚರ್ ಹೆಸರು ತಪ್ಪಾಗಿ ಹೇಳುತ್ತಿದ್ದಾರೆ ಎಂದು ದೂರು ಕೊಡಬೇಡಿ, ಅದೇ ಸರಿ. ಎಲ್, ಆರ್, ಎನ್, ಸ್ವರಗಳಿಂದ ಶುರುವಾಗುವ ಹೆಸರಿಗೆ ಬರಹದಲ್ಲಿ ಈ ಬದಲಾವಣೆ ಇಲ್ಲ. ಲೀಅದನ್, ರೀನ, ಏದೀನ್ ಹೇಗಿವೆಯೋ ಹಾಗೇ ಇರುತ್ತವೆ.

ಬರೆಸುವ ಮುನ್ನ

ಅಪರೂಪವೋ ಅಲ್ಲವೋ ಎಂಬುದನ್ನು ಊಹಿಸಬೇಕಿಲ್ಲ. ಐರ್ಲೆಂಡಿನ ಕೇಂದ್ರ ಅಂಕಿಅಂಶ ಕಚೇರಿ 1964ರಿಂದೀಚಿನ ಮಕ್ಕಳ ಹೆಸರುಗಳನ್ನು ವರ್ಷವಾರು ತೆರೆದಿಟ್ಟಿದೆ. ಒಂದು ವರ್ಷದಲ್ಲಿ ಮೂರಕ್ಕಿಂತ ಕಡಿಮೆ ಮಕ್ಕಳಿಗೆ ಇಟ್ಟ ಹೆಸರನ್ನು ಗೋಪ್ಯತೆಗಾಗಿ ಅದು ತೋರಿಸುವುದಿಲ್ಲ. ಹಾಗಾಗಿ ಹುಡುಕಿದ ಹೆಸರು ಸಿಗದಿದ್ದರೆ ಅದು ಇಲ್ಲವೇ ಇಲ್ಲ ಎಂದಲ್ಲ, ಅತಿ ವಿರಳ ಎಂದು. ಫಾದ ಹಾಕಿ ಒಮ್ಮೆ, ಹಾಕದೆ ಒಮ್ಮೆ, ಇಂಗ್ಲಿಷೀಕೃತ ರೂಪದಲ್ಲಿ ಒಮ್ಮೆ ಹುಡುಕಿ.

ಅಕ್ಷರ ಮಾತ್ರ ಬರೆದ ಚೀಟಿಯನ್ನು ಹೆಸರು ಗೊತ್ತಿಲ್ಲದ ಒಬ್ಬ ಐರಿಶ್ ಗೆಳತಿಗೆ, ಇಂಗ್ಲಿಷ್ ಮಾತ್ರ ಬಲ್ಲ ಒಬ್ಬರಿಗೆ, ಊರಲ್ಲಿರುವ ಒಬ್ಬ ಹಿರಿಯರಿಗೆ ಕೊಟ್ಟು ಓದಿಸಿ. ಆಮೇಲೆ ಹೆಸರನ್ನು ಬಾಯಲ್ಲಿ ಹೇಳಿ, ಅದೇ ಮೂವರಿಂದ ಬರೆಸಿ. ಓದಿದಾಗ ತಪ್ಪುವ ಹೆಸರಿಗಿಂತ ಕೇಳಿ ಬರೆದಾಗ ತಪ್ಪುವ ಹೆಸರು ಆಸ್ಪತ್ರೆ, ಬ್ಯಾಂಕುಗಳಲ್ಲಿ ಹೆಚ್ಚು ಕಾಡುತ್ತದೆ. ಈ ಪರೀಕ್ಷೆಯಲ್ಲಿ ಸೈವ್ ಎರಡೂ ಕಡೆ ಬೀಳುತ್ತದೆ, ಲೀಅದನ್ ಹೆಚ್ಚು ಕಡಿಮೆ ಪಾಸಾಗುತ್ತದೆ. ರೀನ ಕೇಳಲು ಸುಲಭ, ಆದರೆ ಕೇಳಿದವರು ಎರಡು ಇ ಹಾಕಿ ಬರೆಯುತ್ತಾರೆ.

ಐರ್ಲೆಂಡಿನಲ್ಲಿ ಜನನವನ್ನು ಮೂರು ತಿಂಗಳೊಳಗೆ ನೋಂದಾಯಿಸಬೇಕು. ಸಹಿ ಹಾಕುವ ಮೊದಲು ಫಾದ ಬಿದ್ದಿದೆಯೇ, ಸರಿಯಾದ ಸ್ವರದ ಮೇಲೇ ಬಿದ್ದಿದೆಯೇ ನೋಡಿ. ನಮ್ಮಲ್ಲಿ 'ಕರಿ' ಮತ್ತು 'ಕಾರಿ' ಬೇರೆಯಾಗುವಷ್ಟೇ ಅಲ್ಲೂ ಪದ ಬೇರೆಯಾಗುತ್ತದೆ. ಐರಿಶ್ ಪಾಸ್‌ಪೋರ್ಟಿನ ಹೆಸರಿನ ಸಾಲಿನಲ್ಲಿ ಫಾದ ಉಳಿಯುತ್ತದೆ, ಕೆಳಗಿನ ಯಂತ್ರ ಓದುವ ಎರಡು ಸಾಲಿನಲ್ಲಿ ಬಿದ್ದುಹೋಗುತ್ತದೆ, ಅಂತರರಾಷ್ಟ್ರೀಯ ನಿಯಮವೇ ಹಾಗಿದೆ. ವಿಮಾನದ ಟಿಕೆಟನ್ನು, ಮಗಳಿಗೆ ಓಸಿಐ (ಸಾಗರೋತ್ತರ ಭಾರತೀಯ ನಾಗರಿಕ) ಕಾರ್ಡ್ ಮಾಡಿಸುವಾಗಿನ ಅರ್ಜಿಯನ್ನು ಆ ಕೆಳಗಿನ ಸಾಲಿನ ಅಕ್ಷರಗಳಿಗೆ ಹೊಂದಿಸಿ ತುಂಬಿ, ಫಾದ ಇಲ್ಲದೆ.